ನಿಂತುಹೋದ ಹಳೆಯ ಇಟಲಿ ಕಾರು: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಗಟ್ಟಲೆ ಕದಲದೆ ನಿಂತ ಫಿಯಾಟ್, ಆಲ್ಫಾ ರೋಮಿಯೊ, ಲಾನ್ಚಿಯಾ ಗಾಡಿಗಳನ್ನು ಅಗ್ಗಕ್ಕೆ ಕೊಂಡು ಮತ್ತೆ ಓಡಿಸುವ ಹುಚ್ಚು ಹಿಡಿದವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಉತ್ತರಿಸುವಾಗ 1960ರಿಂದ 1980ರ ದಶಕದವರೆಗಿನ ಸಾಮಾನ್ಯ ಗಾಡಿಗಳು ನನ್ನ ಮನಸ್ಸಿನಲ್ಲಿದ್ದವು. ಫೆರಾರಿ, ಲಂಬೋರ್ಗಿನಿಗಳ ಲೆಕ್ಕವೇ ಬೇರೆ.

## ಕೊಳ್ಳುವ ಯೋಚನೆಯಲ್ಲಿರುವವರಿಗೆ

ಓಡುವ ಗಾಡಿಯೇ ಸಿಗುವಾಗ ಕೆಟ್ಟು ನಿಂತದ್ದನ್ನು ಯಾಕೆ ಕೊಳ್ಳಬೇಕು?

ಹಣ ಉಳಿಸುವುದೊಂದೇ ಉದ್ದೇಶವಾಗಿದ್ದರೆ ಕೊಳ್ಳಬೇಡಿ. ಕೆಟ್ಟು ನಿಂತ ಗಾಡಿಗೆ ಕೊಟ್ಟ ಬೆಲೆಗೆ ಆಮೇಲಿನ ಖರ್ಚನ್ನು ಕೂಡಿಸಿದರೆ, ಅದೇ ಮಾದರಿಯ ಚೆನ್ನಾಗಿ ಓಡುವ ಗಾಡಿಯ ಬೆಲೆಯನ್ನು ಅದು ಮೀರುವುದೇ ಹೆಚ್ಚು. ಬಿಚ್ಚಿ ನೋಡುವುದರಲ್ಲಿ, ಒಂದು ಸಂಜೆಯನ್ನು ಕಾರ್ಬುರೇಟರ್ ತೊಳೆಯುವುದರಲ್ಲಿ ಕಳೆಯುವುದರಲ್ಲಿ ನಿಮಗೆ ಸುಖವಿದ್ದರೆ ಮಾತ್ರ ಈ ದಾರಿ ಸರಿ. ಆದರೂ ಇದರಲ್ಲಿ ಒಂದು ಅನುಕೂಲವಿದೆ. ಕೊಳ್ಳುವವರೆಲ್ಲ ಸ್ಟಾರ್ಟ್ ಆಗದ ಎಂಜಿನ್‌ಗೆ ಹೆದರುತ್ತಾರೆ, ಹೊಳೆಯುವ ಬಣ್ಣದ ಕೆಳಗಿನ ತುಕ್ಕಿಗೆ ಅಷ್ಟಾಗಿ ಹೆದರುವುದಿಲ್ಲ. ರಿಪೇರಿಯ ಖರ್ಚು ಮಾತ್ರ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಆದ್ದರಿಂದ ತಗಡು ಗಟ್ಟಿಯಾಗಿದ್ದು ಎಂಜಿನ್ ಸತ್ತಿರುವ ಗಾಡಿ, ಅದರ ಯೋಗ್ಯತೆಗಿಂತ ಕಡಿಮೆ ಬೆಲೆಗೆ ಸಿಗುವ ಸಾಧ್ಯತೆ ಇರುತ್ತದೆ. ಅದನ್ನು ಗುರುತಿಸಲು ಬಂದರೆ ಅರ್ಧ ಕೆಲಸ ಆದಂತೆ.

ನಾನು ಹೊಸಬ. ಮೊದಲಿಗೆ ಯಾವ ಗಾಡಿ ಹಿಡಿದರೆ ಕೈ ಸುಡುವುದಿಲ್ಲ?

ಡಾಂಟೆ ಜಿಯಾಕೋಸಾ ವಿನ್ಯಾಸಗೊಳಿಸಿದ, 1957ರಲ್ಲಿ ಬಂದ ಫಿಯಾಟ್ ನುವೋವಾ 500 ಕಲಿಯುವವರಿಗೆ ಹೇಳಿಮಾಡಿಸಿದ ಗಾಡಿ. ಹಿಂದಿರುವ ಎರಡು ಸಿಲಿಂಡರಿನ ಎಂಜಿನ್ ಮೊದಲು ಕೇವಲ 479 ಸಿಸಿ ಇತ್ತು. ಅದು ಗಾಳಿಯಿಂದ ತಣಿಯುವುದರಿಂದ ರೇಡಿಯೇಟರ್, ನೀರಿನ ಪಂಪು, ಕೊಳೆತ ಹೋಸ್ ಪೈಪು ಯಾವುದರ ಗೋಜೂ ಇಲ್ಲ. ಇಬ್ಬರು ಸೇರಿದರೆ ಎಂಜಿನ್ನನ್ನು ಎತ್ತಿ ಇಳಿಸಬಹುದು. ಸೀಟುಗಳ ನಡುವಿನ ಪುಟ್ಟ ಸನ್ನೆಗೋಲೊಂದನ್ನು ಎಳೆದರೆ ಸ್ಟಾರ್ಟರ್ ತಿರುಗುತ್ತದೆ. ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೋ ಇಲ್ಲ. ಕ್ಲಚ್ಚನ್ನು ಎರಡು ಸಲ ತುಳಿಯುವುದನ್ನು ಕಲಿಯಬೇಕಾಗುತ್ತದೆ. ಬೇಡಿಕೆ ಹೆಚ್ಚಿರುವುದರಿಂದ ಇದು ಈಗ ತೀರಾ ಅಗ್ಗವಾಗಿ ಉಳಿದಿಲ್ಲ ಎಂಬುದೂ ನಿಜ.

ಸ್ವಲ್ಪ ದೊಡ್ಡ ಗಾಡಿ ಬೇಕೆಂದರೆ ಫಿಯಾಟ್ 124 ಸ್ಪೋರ್ಟ್ ಸ್ಪೈಡರ್ ಅಥವಾ ಆಲ್ಫಾ ರೋಮಿಯೊ ಸ್ಪೈಡರ್ ನೋಡಬಹುದು. ಎರಡೂ 1966ರಲ್ಲಿ ಹೊರಬಂದವು, ಎರಡರ ಮೈಕಟ್ಟೂ ಪಿನಿನ್‌ಫರೀನಾ ಎಂಬ ವಿನ್ಯಾಸ ಸಂಸ್ಥೆಯದ್ದು. ಎರಡೂ ದಶಕಗಳ ಕಾಲ ತಯಾರಾದವು: ಫಿಯಾಟ್ 1985ರವರೆಗೆ, ಆಲ್ಫಾ 1990ರ ದಶಕದ ಮೊದಲ ವರ್ಷಗಳವರೆಗೆ. ಹೀಗಾಗಿ ಎಂಜಿನ್ನಿನ ಬಿಡಿಭಾಗಗಳಿಗೆ ಬರವಿಲ್ಲ. ಫಿಯಾಟಿನ ಎರಡು ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಎಂಜಿನ್, ಎಂಜಿನಿಯರ್ ಔರೇಲಿಯೊ ಲಾಂಪ್ರೆದಿಯ ಕೃತಿ. ಅದರ ವಂಶದ ಎಂಜಿನ್ನುಗಳೇ ಮುಂದೆ ಲಾನ್ಚಿಯಾ ಡೆಲ್ಟಾವನ್ನು 1987ರಿಂದ 1992ರವರೆಗೆ ಸತತ ಆರು ಬಾರಿ ವಿಶ್ವ ರ‍್ಯಾಲಿ ತಯಾರಕರ ಚಾಂಪಿಯನ್ ಮಾಡಿದವು.

ಲಾನ್ಚಿಯಾ ಫುಲ್ವಿಯಾವನ್ನು ಎರಡನೆಯ ಗಾಡಿಯಾಗಿ ಇಟ್ಟುಕೊಳ್ಳಿ. ಸುಮಾರು 13 ಡಿಗ್ರಿ ಕೋನದ ಅದರ ವಿ4 ಎಂಜಿನ್ ಕಣ್ಣಿಗೆ ಹಬ್ಬವಾದರೂ, ಕಲಿಯುವ ಕೈಗೆ ಅದು ಕ್ಷಮೆ ತೋರಿಸುವುದಿಲ್ಲ.

ಇಟಲಿ ಗಾಡಿ ಎಂದರೆ ತುಕ್ಕು ಎನ್ನುತ್ತಾರೆ. ರಷ್ಯಾದ ಕಳಪೆ ಉಕ್ಕಿನಿಂದ ಹೀಗಾಯಿತು ಎಂಬುದು ನಿಜವೇ?

ತುಕ್ಕಿನ ಮಾತು ನಿಜ. ಉಕ್ಕಿನ ಕಥೆಯನ್ನು ನಾನು ಒಪ್ಪುವುದಿಲ್ಲ. ಫಿಯಾಟ್ 1966ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಂಡು ತೊಲ್ಯಾಟ್ಟಿಯಲ್ಲಿ ಕಾರ್ಖಾನೆ ಕಟ್ಟಿಕೊಟ್ಟಿತು, ಅದಕ್ಕೆ ಪ್ರತಿಯಾಗಿ ಕೆಟ್ಟ ಉಕ್ಕು ಬಂತು ಎಂದು ಜನ ಹೇಳುತ್ತಾರೆ. ಆದರೆ ಅದೇ ವರ್ಷಗಳ ಬ್ರಿಟಿಷ್, ಫ್ರೆಂಚ್, ಜಪಾನಿ ಗಾಡಿಗಳೂ ಧಾರಾಳವಾಗಿ ತುಕ್ಕು ಹಿಡಿದವಲ್ಲ, ಅವಕ್ಕೆ ಯಾರ ಉಕ್ಕು ಕಾರಣ? ತಗಡನ್ನು ಕತ್ತರಿಸಿ ನೋಡಿದವರಿಗೆ ಕಾಣುವ ಕಾರಣಗಳು ಬಹಳ ಸಾಧಾರಣವಾದವು: ಮುಚ್ಚಿದ ಟೊಳ್ಳುಗಳ ಒಳಗೆ ಬಣ್ಣವೂ ಇಲ್ಲ, ಮೇಣವೂ ಇಲ್ಲ, ಒಂದರ ಮೇಲೊಂದು ಕೂರಿಸಿದ ತಗಡುಗಳ ನಡುವೆ ನೀರು ನಿಲ್ಲುತ್ತದೆ, ನೀರು ಹೋಗುವ ತೂತು ಎಲೆ, ಮಣ್ಣು ತುಂಬಿ ಕಟ್ಟಿಕೊಳ್ಳುತ್ತದೆ. ನೇಪಲ್ಸ್ ಬಳಿಯ ಪೊಮಿಲ್ಯಾನೊ ದಾರ್ಕೊದಲ್ಲಿ ತಯಾರಾದ ಆಲ್ಫಾಸುಡ್‌ನ ಟೊಳ್ಳುಗಳಿಗೆ ಫೋಮ್ ತುಂಬಿದ್ದರು. ಅದು ಒದ್ದೆ ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಂಡಿತು.

ಹೆಸರು ಕೆಡಲು ಇನ್ನೊಂದು ಘಟನೆಯೂ ಕಾರಣವಾಯಿತು. 1972ರಲ್ಲಿ ಬಂದ ಲಾನ್ಚಿಯಾ ಬೀಟಾದ ಆರಂಭದ ಗಾಡಿಗಳಲ್ಲಿ ಎಂಜಿನ್ನನ್ನು ಹೊರುವ ಮುಂಭಾಗದ ಸಬ್‌ಫ್ರೇಮ್ ಕೂರುವ ಜಾಗವೇ ತುಕ್ಕು ತಿಂದು ಸಡಿಲವಾಯಿತು. 1980ರಲ್ಲಿ ಬ್ರಿಟನ್ನಿನಲ್ಲಿ ಕಂಪನಿ ಅಂಥ ಗಾಡಿಗಳನ್ನು ಮಾಲೀಕರಿಂದ ಮರಳಿ ಕೊಂಡು ಗುಜರಿಗೆ ಹಾಕಿತು. ಒಂದು ಮಾದರಿಯ ಒಂದು ಭಾಗದ ಕಥೆ ಇಡೀ ದೇಶದ ಗಾಡಿಗಳಿಗೆ ಅಂಟಿಕೊಂಡಿತು. ತುಕ್ಕಿನ ತಲೆನೋವೇ ಬೇಡವೆನ್ನುವವರು ಸತುವಿನ ಲೇಪ ಬಂದ ಮೇಲಿನ ಗಾಡಿಗಳನ್ನು, ಉದಾಹರಣೆಗೆ 1988ರ ಫಿಯಾಟ್ ಟೀಪೋವನ್ನು, ನೋಡಬಹುದು. ಸೊಬಗಿನ ವಿಷಯ ಮಾತ್ರ ಕೇಳಬೇಡಿ.

ಮಾಸೆರಾಟಿ ಬೈಟರ್ಬೊ ನಂಬಲಾಗದಷ್ಟು ಅಗ್ಗಕ್ಕೆ ಸಿಗುತ್ತಿದೆ, ಬಿಡಬಾರದಲ್ಲವೇ?

ಬಿಡಿ. 1981ರ ಆ ಗಾಡಿ ಅಗ್ಗವಾಗಿರುವುದು ಅದರ ರಿಪೇರಿ ದುಬಾರಿ ಎಂಬ ಕಾರಣಕ್ಕೇ. ಎರಡು ಟರ್ಬೊ, ಒತ್ತಡದ ಪೆಟ್ಟಿಗೆಯೊಳಗೆ ಕೂರಿಸಿದ ಕಾರ್ಬುರೇಟರ್, ಬೆಲ್ಟಿನಲ್ಲಿ ತಿರುಗುವ ಕ್ಯಾಮ್‌ಗಳು, ಮೇಲೆ ಐಷಾರಾಮದ ಒಳಾಂಗಣ, ಇವೆಲ್ಲವೂ ಒಟ್ಟಿಗೆ ಕೆಟ್ಟಿರುವ ಗಾಡಿಯನ್ನು ಎತ್ತಿ ನಿಲ್ಲಿಸಲು ಬೇಕಾದ ಅನುಭವ ಇರುವವರು ಈ ಪ್ರಶ್ನೆ ಕೇಳುವುದಿಲ್ಲ.

ದಾಖಲೆ ಇಲ್ಲ, ಆದರೆ ಗಾಡಿ ಚೆನ್ನಾಗಿದೆ. ಕೊಳ್ಳಲೇ?

ನಿಮ್ಮ ಊರಿನ ನೋಂದಣಿ ನಿಯಮಗಳನ್ನು ವಿಚಾರಿಸುವ ತನಕ ಹಣ ಕೊಡಬೇಡಿ. ಸಾಲ, ದಂಡ, ಕಳವಿನ ದೂರು ಯಾವುದಾದರೂ ಇದ್ದರೆ ಗಾಡಿಯೊಂದಿಗೆ ಅದೂ ನಿಮ್ಮ ಮನೆಗೆ ಬರುತ್ತದೆ. ತಗಡಿನ ಮೇಲೆ ಕೊರೆದ ಚಾಸಿ ಸಂಖ್ಯೆ, ಎಂಜಿನ್ ಕೋಣೆಯ ಫಲಕ, ಕಾಗದ ಮೂರರಲ್ಲೂ ಒಂದೇ ಸಂಖ್ಯೆ ಇರಬೇಕು. ಫಿಯಾಟಿನ ಫಲಕದಲ್ಲಿ "ಪೆರ್ ರಿಕಾಂಬಿ" ಎಂಬ ಮಾತಿನ ಮುಂದೆ ಬೇರೊಂದು ಸಂಖ್ಯೆ ಕಂಡರೆ ಗಾಬರಿಯಾಗಬೇಡಿ; ಅದು ಬಿಡಿಭಾಗ ತರಿಸಲು ಬಳಸುವ ಸಂಖ್ಯೆ. ಅದನ್ನು ಬರೆದುಕೊಂಡು ಬನ್ನಿ, ಮುಂದೆ ಬೇಕಾಗುತ್ತದೆ. ಫಿವಾ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕನಿಷ್ಠ 30 ವರ್ಷವಾದ, ಮೂಲ ಸ್ಥಿತಿಯಲ್ಲಿ ಕಾಪಾಡಿಕೊಂಡ ಗಾಡಿಗಳನ್ನು ಐತಿಹಾಸಿಕ ವಾಹನ ಎನ್ನುತ್ತದೆ. ಹಲವು ದೇಶಗಳಲ್ಲಿ ಇಂಥ ಗಾಡಿಗಳಿಗೆ ಬೇರೆ ನಿಯಮಗಳಿವೆ. ಫಿಯಾಟ್, ಆಲ್ಫಾ, ಲಾನ್ಚಿಯಾಗಳ ಪರಂಪರೆ ವಿಭಾಗ ಚಾಸಿ ಸಂಖ್ಯೆಯ ಆಧಾರದ ಮೇಲೆ ಗಾಡಿಯ ಮೂಲದ ಪ್ರಮಾಣಪತ್ರವನ್ನೂ ಕೊಡುತ್ತದೆ. ಆದರೆ ಅದು ಮಾಲೀಕತ್ವದ ಕಾಗದವಲ್ಲ.

## ಗಾಡಿಯ ಮುಂದೆ ನಿಂತಾಗ

ನೋಡಲು ಹೋಗುವಾಗ ಏನು ಕೊಂಡೊಯ್ಯಬೇಕು, ಮೊದಲು ಎಲ್ಲಿ ಕಣ್ಣು ಹಾಕಬೇಕು?

ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಮೊಂಡು ಸ್ಕ್ರೂಡ್ರೈವರ್, ಸಾಕೆಟ್ ಸೆಟ್ಟು, ಪ್ಲಗ್ ಸ್ಪಾನರ್, ಮಲಗಲು ಒಂದು ಹಳೆಯ ಚಾಪೆ. ಚಾಪೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ನೋಡಬೇಕಾದದ್ದೆಲ್ಲ ಕೆಳಗಿದೆ.

ಬಾನೆಟ್ ತೆರೆಯುವ ಮೊದಲು ಬಾಗಿಲು ತೆರೆಯಿರಿ. ತೆರೆದ ಛಾವಣಿಯ ಗಾಡಿಗಳಲ್ಲಿ ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಸಿಲ್ ಎಂಬ ಟೊಳ್ಳು ತೊಲೆಯೇ ಬೆನ್ನೆಲುಬು. ಅದು ಕೊಳೆತಿದ್ದರೆ ಗಾಡಿ ನಡುವಿನಲ್ಲಿ ಜೋಲುತ್ತದೆ, ಬಾಗಿಲಿನ ಸಂದು ಮೇಲ್ಭಾಗದಲ್ಲಿ ಕಿರಿದಾಗಿ ಕೆಳಭಾಗದಲ್ಲಿ ಅಗಲವಾಗುತ್ತದೆ. ಸಿಲ್ಲನ್ನು ಬೆರಳ ಗಿಣ್ಣಿನಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ಣೆನ್ನುತ್ತದೆ, ಪುಟ್ಟಿ ಮೆತ್ತಿದ ಜಾಗ ಟಪ್ಪೆಂದು ಸುಮ್ಮನಾಗುತ್ತದೆ, ಅಯಸ್ಕಾಂತವೂ ಅಲ್ಲಿ ಹಿಡಿಯುವುದಿಲ್ಲ. ನಂತರ ಒಳಗಿನ ಮ್ಯಾಟ್ ಎತ್ತಿ ನೆಲದ ತಗಡು, ಜ್ಯಾಕ್ ಕೊಡುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಮುಂಗಾಜಿನ ಬುಡ ನೋಡಿ.

ಒಂದೊಂದು ಮಾದರಿಗೂ ಒಂದೊಂದು ಮರ್ಮಸ್ಥಾನ ಇರುತ್ತದೆ. ಫಿಯಾಟ್ 124 ಸ್ಪೈಡರಿನಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಗೋಪುರ, ಆಲ್ಫಾ ಸ್ಪೈಡರಿನಲ್ಲಿ ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ಮತ್ತು ಮೂರು ಪದರದ ಸಿಲ್, ಫುಲ್ವಿಯಾದಲ್ಲಿ ಮುಂದಿನ ಸಬ್‌ಫ್ರೇಮ್ ಹಿಡಿಯುವ ಜಾಗ. ವಿನ್ಯಾಸಕ ಗಾಂದೀನಿ ಬೆರ್ತೋನೆ ಎಂಬ ವಿನ್ಯಾಸ ಸಂಸ್ಥೆಯಲ್ಲಿ ರೂಪಿಸಿದ 1972ರ ಫಿಯಾಟ್ ಎಕ್ಸ್1/9ರಲ್ಲಿ ರೇಡಿಯೇಟರ್ ಮುಂದಿದ್ದು ಎಂಜಿನ್ ಸೀಟಿನ ಹಿಂದಿದೆ. ಎರಡರ ನಡುವೆ ಗಾಡಿಯ ಅಡಿಯಲ್ಲಿ ಓಡುವ ಉಕ್ಕಿನ ನೀರಿನ ಕೊಳವೆಗಳು ಒಳಗಿನಿಂದ ಕೊಳೆತಿರುತ್ತವೆ.

ನಾನು ಕೊಂಡ ಮೊದಲ 124ರಲ್ಲಿ ಎಂಜಿನ್ ಕೈಗೆ ಸಲೀಸಾಗಿ ತಿರುಗಿತೆಂಬ ಖುಷಿಗೆ ಚಾಪೆಯನ್ನು ಬಿಚ್ಚಲೇ ಇಲ್ಲ. ಮನೆಗೆ ತಂದು ಸಿಲ್ಲಿನ ಮೇಲಿನ ಕಪ್ಪು ಡಾಂಬರಿನಂಥ ಲೇಪವನ್ನು ಕೆರೆದಾಗ ಹಿಡಿಯಗಲದ ಪುಟ್ಟಿಯ ಹಲ್ಲೆ ಕಳಚಿ ಬಿತ್ತು. ಅದರ ಹಿಂದೆ ಆಧಾರಕ್ಕೆಂದು ತುರುಕಿದ್ದ ದಿನಪತ್ರಿಕೆಯ ಉಂಡೆ. ಬಿಡಿಸಿದರೆ ಹವಾಮಾನದ ಅಂಕಣ ಇನ್ನೂ ಓದುವಂತಿತ್ತು.

ಎಂಜಿನ್ ಜಾಮ್ ಆಗಿದೆಯೋ ಇಲ್ಲವೋ ನಿಂತಲ್ಲೇ ತಿಳಿಯುವುದು ಹೇಗೆ?

ಪ್ಲಗ್ಗುಗಳನ್ನು ಬಿಚ್ಚಿ, ಗೇರು ನ್ಯೂಟ್ರಲ್‌ಗೆ ತಂದು, ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಮುಂದಿನ ನಟ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ಎಳೆಯಿರಿ. ಎರಡು ಪೂರ್ತಿ ಸುತ್ತು ಅಡ್ಡಿಯಿಲ್ಲದೆ ಬಂದರೆ ಒಳ್ಳೆಯದು. ಮೆತ್ತಗೆ ತಿರುಗುತ್ತ ಒಂದೇ ಬಿಂದುವಿನಲ್ಲಿ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವು ಪಿಸ್ಟನ್ನಿಗೆ ತಗುಲುತ್ತಿರಬಹುದು. ನಟ್ಟಿಗೆ ಕೈ ಎಟುಕದಿದ್ದರೆ ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಜಗ್ಗಿ ನೋಡಬಹುದು, ಆದರೆ ಬ್ರೇಕ್ ಹಿಡಿದು ನಿಂತ ಗಾಡಿಯಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

ಆಯಿಲ್ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯ ಬಣ್ಣದ ಜಿಡ್ಡು ಇದೆಯೇ, ಡಿಪ್‌ಸ್ಟಿಕ್ಕಿನಲ್ಲಿ ನೀರಿನ ಹನಿ ಇದೆಯೇ, ರೇಡಿಯೇಟರಿನಲ್ಲಿ ಬರೀ ನೀರಿದೆಯೇ ಕೂಲಂಟ್ ಇದೆಯೇ ನೋಡಿ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಅಲ್ಯೂಮಿನಿಯಂ ಆಗಿರುವ ಎಂಜಿನ್ ಬರೀ ನೀರಿನಲ್ಲಿ ಹತ್ತು ವರ್ಷ ನಿಂತಿದ್ದರೆ ಹೆಡ್ಡಿನ ನೀರಿನ ದಾರಿಗಳು ಒಳಗೇ ಸವೆದಿರುತ್ತವೆ.

"ಓಡುತ್ತಿತ್ತು, ಸುಮ್ಮನೆ ನಿಲ್ಲಿಸಿದ್ದು, ಬ್ಯಾಟರಿ ಹಾಕಿದರೆ ಸಾಕು" ಎನ್ನುತ್ತಾರೆ ಮಾರುವವರು. ನಂಬಬಹುದೇ?

ಸುಳ್ಳೆಂದು ಹೇಳಲಾರೆ, ಆದರೆ ಬ್ಯಾಟರಿ ಅಷ್ಟು ಸುಲಭದ ಪರಿಹಾರವಾಗಿದ್ದರೆ ಮಾರುವವರೇ ಅದನ್ನು ಹಾಕಿ, ಓಡಿಸಿ ತೋರಿಸಿ, ಹೆಚ್ಚು ಬೆಲೆ ಕೇಳುತ್ತಿದ್ದರು. ನಾನು ಯಾವಾಗಲೂ ಎರಡು ಪ್ರಶ್ನೆ ಕೇಳುತ್ತೇನೆ. ಗಾಡಿ ಯಾಕೆ ನಿಂತಿತು ಎಂಬುದು ಮೊದಲನೆಯದು, ನಿಂತದ್ದನ್ನು ಯಾಕೆ ಹಾಗೆಯೇ ಬಿಟ್ಟಿರಿ ಎಂಬುದು ಎರಡನೆಯದು. ನಿಲ್ಲಲು ಕಿಡಿ ಹುಟ್ಟಿಸುವ ಒಂದು ಕಾಯಿಲ್ ಕೆಟ್ಟರೆ ಸಾಕು. ಬಿಟ್ಟುಬಿಡಲು ಮನೆ ಬದಲಾದದ್ದು, ಕಾಯಿಲೆ, ಮಗು ಹುಟ್ಟಿದ್ದು, ಮೆಕ್ಯಾನಿಕ್ ಹೇಳಿದ ಅಂದಾಜು ಕೇಳಿ ಎದೆ ಒಡೆದದ್ದು ಹೀಗೆ ಏನಾದರೂ ಇರುತ್ತದೆ. ಮೊದಲ ಮೂರಾದರೆ ಧೈರ್ಯವಾಗಿ ಮುಂದುವರಿಯಿರಿ. ಕೊನೆಯದಾದರೆ ಆ ಅಂದಾಜಿನ ಚೀಟಿ ಇದೆಯೇ ಎಂದು ವಿನಯದಿಂದ ಕೇಳಿ.

ಅರ್ಧ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟ ಗಾಡಿ. ಎಲ್ಲವೂ ಇದೆ ಎನ್ನುತ್ತಾರೆ.

ಎಲ್ಲವೂ ಇರುವುದಿಲ್ಲ. ಬಿಚ್ಚಿದವರಿಗೆ ಜೋಡಣೆಯ ಕ್ರಮ ಗೊತ್ತಿರುತ್ತದೆ, ಕೊಂಡ ನಿಮಗೆ ಗೊತ್ತಿರುವುದಿಲ್ಲ. ಎಂಜಿನ್ನಿನ ಭಾಗ ಕಡಿಮೆ ಬಿದ್ದರೆ ಮತ್ತೆ ಸಿಗುತ್ತದೆ. ಗಾಜಿನ ಅಂಚಿನ ಕ್ರೋಮ್ ಪಟ್ಟಿ, ಲೈಟಿನ ಬಳೆ, ವೆಲ್ಯಾ ಕಂಪನಿಯ ಮೀಟರುಗಳು, ಡ್ಯಾಶ್‌ಬೋರ್ಡಿನ ಗುಂಡಿಗಳು, ಬಾಗಿಲಿನ ಹಿಡಿಗಳು ಸಿಗುವುದು ಕಷ್ಟ. "ಆಕ್ವಾ", "ಓಲಿಯೊ", "ಬೆಂಜೀನಾ" ಎಂದು ಬರೆದ ಮೂರು ಮೀಟರುಗಳೂ ಒಡೆಯದೆ ಇವೆಯೇ ಎಂಬುದನ್ನು ಪಿಸ್ಟನ್ನುಗಳಿಗಿಂತ ಮೊದಲು ಎಣಿಸಿಕೊಳ್ಳಿ. ಇಂಥ ಗಾಡಿಗೆ, ಅದೇ ಸ್ಥಿತಿಯಲ್ಲಿ ಇಡಿಯಾಗಿ ನಿಂತ ಗಾಡಿಗಿಂತ ತುಂಬಾ ಕಡಿಮೆ ಬೆಲೆ ಹೇಳುವುದೇ ನ್ಯಾಯ.

ಬೆಲೆ ಎಷ್ಟು ಹೇಳಬೇಕು ಎಂಬ ಲೆಕ್ಕ ಹೇಗೆ?

ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಅದೇ ಮಾದರಿಯ, ಚೆನ್ನಾಗಿ ಓಡುವ ಗಾಡಿ ಎಷ್ಟಕ್ಕೆ ಕೈಬದಲಾಗುತ್ತಿದೆ ಎಂಬುದರಿಂದ ವೆಲ್ಡಿಂಗ್, ಬಣ್ಣ, ಎಂಜಿನ್, ಬ್ರೇಕ್, ಟೈರು, ಸಾಗಣೆ ಎಲ್ಲವನ್ನೂ ಕಳೆಯಿರಿ. ಉಳಿದದ್ದು ಸೊನ್ನೆಗಿಂತ ಕೆಳಗೆ ಹೋದರೂ ಆಶ್ಚರ್ಯಪಡಬೇಡಿ. ಆಗ ನೀವು ಕೊಡುವುದು ಗಾಡಿಯ ಬೆಲೆಯಲ್ಲ, ನಿಮ್ಮ ಆಸೆಯ ಬೆಲೆ. ಬಣ್ಣದ ಅಂದಾಜನ್ನು ಎಲ್ಲರೂ ಕಡಿಮೆ ಹಾಕುತ್ತಾರೆ. ಬಣ್ಣಕ್ಕೆ ಮುಂಚಿನ ಉಜ್ಜುವಿಕೆಯಲ್ಲಿ ಹೋಗುವ ದಿನಗಳು ಯಾರ ಲೆಕ್ಕದಲ್ಲೂ ಇರುವುದಿಲ್ಲ.

## ಮನೆಗೆ ತಂದ ಮೇಲೆ

ತಡೆಯಲಾಗುತ್ತಿಲ್ಲ. ಬ್ಯಾಟರಿ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಲೇ?

ದಯವಿಟ್ಟು ಬೇಡ. ಫಿಯಾಟಿನ ಎರಡು ಕ್ಯಾಮ್ ಎಂಜಿನ್ನಿನಲ್ಲಿ ಕ್ಯಾಮ್‌ಗಳನ್ನು ತಿರುಗಿಸುವುದು ಹಲ್ಲಿನ ರಬ್ಬರ್ ಬೆಲ್ಟು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತ ಬೆಲ್ಟು ಪುಲ್ಲಿಯ ಸುತ್ತ ಬಾಗಿದಂತೆಯೇ ಗಟ್ಟಿಯಾಗಿರುತ್ತದೆ. ಸ್ಟಾರ್ಟರಿನ ಮೊದಲ ಏಟಿಗೆ ಅದು ಹರಿದರೆ ಅಥವಾ ಹಲ್ಲು ಹಾರಿದರೆ ವಾಲ್ವುಗಳು ಬಾಗಬಹುದು, ಒಂದು ನಿಮಿಷದ ಕುತೂಹಲಕ್ಕೆ ಹೆಡ್ ಬಿಚ್ಚಬೇಕಾಗುತ್ತದೆ. ಆಲ್ಫಾದ ನಾಲ್ಕು ಸಿಲಿಂಡರಿನ ಹಳೆಯ ಎಂಜಿನ್ನಿನಲ್ಲಿ ಚೈನ್ ಇದೆ, ಅಷ್ಟರಮಟ್ಟಿಗೆ ನಿಶ್ಚಿಂತೆ.

ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಕಾಯಿರಿ. ಬೆಲ್ಟು ಮತ್ತು ಅದರ ಟೆನ್ಷನರ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಕೈಯಿಂದ ಎರಡು ಸುತ್ತು ತಿರುಗಿಸಿ. ಆಮೇಲೆ ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ಕೊಟ್ಟು ಆಯಿಲ್ ಒತ್ತಡದ ಮುಳ್ಳು ಮೇಲೇಳುವವರೆಗೆ ತಿರುಗಿಸಿ. ಇದೇ ಹೊತ್ತಿನಲ್ಲಿ ಕಂಪ್ರೆಷನ್ ಅಳೆದುಕೊಳ್ಳಬಹುದು; ಒಟ್ಟು ಅಂಕಿಗಿಂತ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ.

ಟ್ಯಾಂಕಿನ ಹಳೆಯ ಪೆಟ್ರೋಲನ್ನು ಎಂಜಿನ್ ಹತ್ತಿರಕ್ಕೂ ಬಿಡಬೇಡಿ. ಅದು ವಾರ್ನಿಷ್ ವಾಸನೆ ಬೀರುವ ಅಂಟಾಗಿರುತ್ತದೆ, ಟ್ಯಾಂಕಿನ ತುಕ್ಕಿನ ಪುಡಿಯೂ ಅದರಲ್ಲಿರುತ್ತದೆ. ಹೊಸ ಹೋಸಿನ ಮೂಲಕ ಬೇರೆ ಕ್ಯಾನಿನಿಂದ ಪೆಟ್ರೋಲ್ ಕೊಡಿ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ ಸಂದನ್ನು ಸುಮಾರು 0.4 ಮಿಲಿಮೀಟರಿಗೆ ಇಡಿ. ಕಿಡಿ ಬರುತ್ತಿದೆಯೇ ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಇಷ್ಟಾದ ಮೇಲೆ ಕೀ ತಿರುಗಿಸಿ.

ಎಂಜಿನ್ ಜಾಮ್ ಆಗಿಯೇ ಇದೆ. ಬಿಚ್ಚುವುದೇ ಗತಿಯೇ?

ಮೊದಲು ಕಾಯುವುದೇ ಔಷಧ. ಆಟೊಮ್ಯಾಟಿಕ್ ಗೇರಿನ ಆಯಿಲ್ ಮತ್ತು ಅಸಿಟೋನ್ ಸಮಸಮ ಬೆರೆಸಿ ಪ್ಲಗ್ ತೂತುಗಳಿಂದ ಒಳಬಿಟ್ಟು, ದಿನಕ್ಕೊಮ್ಮೆ ಸಾಕೆಟ್ಟಿನಿಂದ ಎರಡೂ ದಿಕ್ಕಿಗೆ ಹಗುರವಾಗಿ ಒತ್ತುತ್ತಿರಿ. ಕೂದಲೆಳೆಯಷ್ಟು ಕದಲಿದರೂ ಗೆದ್ದಂತೆ. ಕೆಲವು ವಾರಗಳ ನಂತರವೂ ಕದಲದಿದ್ದರೆ ಹೆಡ್ ತೆಗೆಯಬೇಕು. ಗಾಡಿಯನ್ನು ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಪಿಸ್ಟನ್ ರಿಂಗುಗಳು ಮುರಿಯುವುದು ಹಾಗೆಯೇ.

ಕ್ಲಚ್ ತುಳಿದರೂ ಗೇರು ಬೀಳುವುದಿಲ್ಲ.

ಕ್ಲಚ್ ಪ್ಲೇಟು ಫ್ಲೈವ್ಹೀಲಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಎಂಜಿನ್ನನ್ನು ಪೂರ್ತಿ ಬಿಸಿಯಾಗಿಸಿ ನಿಲ್ಲಿಸಿ, ಪೆಡಲ್ ತುಳಿದ ಸ್ಥಿತಿಯಲ್ಲೇ ಇರುವಂತೆ ಸೀಟಿಗೂ ಅದಕ್ಕೂ ನಡುವೆ ಮರದ ಪಟ್ಟಿ ಕೊಟ್ಟು ರಾತ್ರಿಯಿಡೀ ಬಿಡಿ. ಬಹಳಷ್ಟು ಸಲ ಬೆಳಗಾಗುವಷ್ಟರಲ್ಲಿ ಬಿಟ್ಟುಕೊಂಡಿರುತ್ತದೆ.

ಬ್ರೇಕ್ ಪೆಡಲ್ ಗಟ್ಟಿಯಾಗಿಯೇ ಇದೆ, ಹಾಗೆಯೇ ಬಿಡಬಹುದೇ?

ಇದೊಂದರಲ್ಲಿ ಉಳಿತಾಯ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಆ ತೇವ ಸಿಲಿಂಡರುಗಳನ್ನು ಒಳಗಿನಿಂದ ಕೊರೆಯುತ್ತದೆ. ರಬ್ಬರ್ ಹೋಸ್ ಹೊರಗೆ ನೆಟ್ಟಗಿದ್ದು ಒಳಗೆ ಊದಿ ಮುಚ್ಚಿಕೊಂಡಿರುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ, ಅಥವಾ ಹಿಡಿದ ಬ್ರೇಕ್ ಬಿಡುವುದಿಲ್ಲ. ಹೋಸು, ಸೀಲು, ಆಯಿಲ್ ಎಲ್ಲವೂ ಹೊಸದಾಗಲಿ. ಆಲ್ಫಾಸುಡ್‌ನ ಮುಂದಿನ ಡಿಸ್ಕುಗಳೂ ಆಲ್ಫೆಟ್ಟಾದ ಹಿಂದಿನ ಡಿಸ್ಕುಗಳೂ ಚಕ್ರದ ಬಳಿ ಇರದೆ ಗಾಡಿಯ ನಡುವೆ ಗೇರ್ ಪೆಟ್ಟಿಗೆಯ ಪಕ್ಕದಲ್ಲಿವೆ. ಅಲ್ಲಿಗೆ ಕೈ ಹಾಕಲು ಬೇಕಾದ ತಾಳ್ಮೆಯನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಲೈಟು ಹಾಕಿದರೆ ಇಂಡಿಕೇಟರ್ ಮಂಕಾಗುತ್ತದೆ, ಹಾರ್ನ್ ಹೊಡೆದರೆ ವೈಪರ್ ಅಲುಗುತ್ತದೆ. ವೈರಿಂಗ್ ಪೂರ್ತಿ ಬದಲಿಸಬೇಕೇ?

ಇಟಲಿ ಗಾಡಿಯ ವೈರಿಂಗಿಗೆ ಬರುವ ಬೈಗುಳದಲ್ಲಿ ಹೆಚ್ಚಿನ ಪಾಲು ಅರ್ಥ್ ಸಂಪರ್ಕಗಳಿಗೆ ಸಲ್ಲಬೇಕು. ಬಲ್ಬಿನಿಂದ ಗಾಡಿಯ ಮೈಗೆ, ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಪ್ರತಿ ಸಂಪರ್ಕವನ್ನೂ ಬಿಚ್ಚಿ, ತಗಡು ಹೊಳೆಯುವಂತೆ ಉಜ್ಜಿ, ಗ್ರೀಸ್ ಸವರಿ ಮತ್ತೆ ಬಿಗಿಯಿರಿ. ಎಂಜಿನ್ನಿನ ಅರ್ಥ್ ಪಟ್ಟಿ ಕೆಟ್ಟಿದ್ದರೆ ಸ್ಟಾರ್ಟರಿನ ಕರೆಂಟು ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಕೇಬಲ್ ಬಿಸಿಯಾಗಿ ಹೊಗೆಯಾಡುವುದನ್ನು ನೋಡಿದ್ದೇನೆ. ಎರಡೂ ತುದಿ ಚೂಪಾಗಿರುವ ಹಳೆಯ ಫ್ಯೂಸುಗಳ ಹಿಡಿಕೆಗಳನ್ನೂ ಉಜ್ಜಿ. ಹೆಡ್‌ಲೈಟಿನ ಕರೆಂಟು ಸ್ವಿಚ್ಚಿನ ಮೂಲಕವೇ ಹರಿಯುವ ಗಾಡಿಗಳಿಗೆ ಎರಡು ರಿಲೇ ಸೇರಿಸಿದರೆ ಬೆಳಕೂ ಹೆಚ್ಚುತ್ತದೆ, ಸ್ವಿಚ್ಚೂ ಉಳಿಯುತ್ತದೆ. ಇಷ್ಟು ಮಾಡಿದ ಮೇಲೂ ತೊಂದರೆ ಉಳಿದರೆ ಆಗ ವೈರಿಂಗ್ ಬದಲಿಸುವ ಮಾತಾಡೋಣ.

## ಆಳಕ್ಕೆ ಇಳಿದವರಿಗೆ

ಆಲ್ಫಾ ಎಂಜಿನ್ನಿನ ಹೆಡ್ ತೆಗೆಯುತ್ತಿದ್ದೇನೆ. ಬೇರೆ ಎಂಜಿನ್ನಿಗಿಂತ ಏನು ವಿಶೇಷ?

ಈ ಎಂಜಿನ್ನಿನ ಬ್ಲಾಕೂ ಅಲ್ಯೂಮಿನಿಯಂ; ಅದರೊಳಗೆ ಪಿಸ್ಟನ್ ಓಡುವ ಕಬ್ಬಿಣದ ಲೈನರುಗಳು ನೀರಿನ ನಡುವೆ ಬಿಡಿಬಿಡಿಯಾಗಿ ಕೂತಿರುತ್ತವೆ, ಹೆಡ್ಡಿನ ಒತ್ತಡವೇ ಅವನ್ನು ಹಿಡಿದಿರುವುದು. ಹೆಡ್ ತೆಗೆದ ಮೇಲೆ ಲೈನರುಗಳನ್ನು ಕ್ಲ್ಯಾಂಪ್ ಹಾಕಿ ಒತ್ತಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ ಅವು ಪಿಸ್ಟನ್ನಿನ ಜೊತೆ ಮೇಲೆದ್ದು ಬುಡದ ಸೀಲು ಹಾಳಾಗುತ್ತದೆ, ನೀರು ಆಯಿಲ್ಲಿಗೆ ಇಳಿಯುತ್ತದೆ. ಉಕ್ಕಿನ ಸ್ಟಡ್ಡುಗಳಿಗೆ ಹೆಡ್ ಕಚ್ಚಿಕೊಂಡಿರುವುದು ಸಾಮಾನ್ಯ. ಉಳಿ ತೂರಿಸಿ ಮೀಟಬೇಡಿ, ಮೇಲ್ಮೈ ಹಾಳಾಗುತ್ತದೆ. ಸ್ಟಡ್ಡಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಿರಿ. ಮರಳಿ ಕೂರಿಸುವಾಗ ಗ್ಯಾಸ್ಕೆಟ್ಟಿನ ಆಯಿಲ್ ದಾರಿಗಳ ಪುಟ್ಟ ರಬ್ಬರ್ ಬಳೆಗಳನ್ನು ಮರೆಯಬೇಡಿ. ಎಗ್ಸಾಸ್ಟ್ ವಾಲ್ವುಗಳು ಸೋಡಿಯಂ ತುಂಬಿದಂಥವು. ಹಳೆಯ ವಾಲ್ವನ್ನು ಉಳಿ ಮಾಡೋಣವೆಂದು ಕತ್ತರಿಸಲು ಹೋಗಬೇಡಿ, ಸೋಡಿಯಂ ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ.

ಅಮೆರಿಕಕ್ಕೆ ಹೋಗಿದ್ದ ಆಲ್ಫಾದಲ್ಲಿ ಸ್ಪೈಕಾ ಇಂಜೆಕ್ಷನ್ ಇದೆ. ಕಿತ್ತು ವೆಬರ್ ಕಾರ್ಬುರೇಟರ್ ಹಾಕಲೇ?

ಎಲ್ಲರೂ ಅದನ್ನೇ ಹೇಳುತ್ತಾರೆ, ಆದರೆ ಮೊದಲು ಸ್ಪೈಕಾಗೆ ಒಂದು ಅವಕಾಶ ಕೊಡಿ. ಅಮೆರಿಕದ ಹೊಗೆ ನಿಯಮಗಳಿಗೆ ಹೊಂದಿಸಲು 1969ರಿಂದ ಅಳವಡಿಸಿದ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಈ ಯಾಂತ್ರಿಕ ಪಂಪು, ಸ್ವಚ್ಛ ಪೆಟ್ರೋಲ್ ಮತ್ತು ತನ್ನದೇ ಆಯಿಲ್ ಫಿಲ್ಟರ್ ಸಿಕ್ಕರೆ ತುಂಬಾ ಕಾಲ ಬಾಳುತ್ತದೆ. ಕಪ್ಪು ಹೊಗೆ ಬರಲು ಸಾಮಾನ್ಯ ಕಾರಣ ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡಿಸುವ ಥರ್ಮೋಸ್ಟಾಟ್ ಭಾಗ ಸತ್ತಿರುವುದು. ಅದರಿಂದ ಎಂಜಿನ್ ಬಿಸಿಯಾದದ್ದು ಪಂಪಿಗೆ ತಿಳಿಯುವುದೇ ಇಲ್ಲ. ಅದನ್ನು ಬದಲಿಸಿ, ಸನ್ನೆಗೋಲುಗಳ ಉದ್ದ ಹೊಂದಿಸಿ. ಪಂಪಿನೊಳಗೆ ನೀರು ಹೋಗಿ ತುಕ್ಕು ಹಿಡಿದಿದ್ದರೆ ಮಾತ್ರ ವೆಬರ್ ಹಾಕಿ, ಬಿಚ್ಚಿದ ಪಂಪನ್ನು ಗುಜರಿಗೆ ಕೊಡದೆ ಎಣ್ಣೆ ತುಂಬಿ ಎತ್ತಿಡಿ. ಮುಂದಿನ ಮಾಲೀಕ ಹುಡುಕಿಕೊಂಡು ಬರುತ್ತಾನೆ.

ಎರಡೂ ಬದಿಯ ಸಿಲ್ ಕೊಳೆತಿದೆ. ಒಟ್ಟಿಗೆ ಕತ್ತರಿಸಿ ವೆಲ್ಡ್ ಮಾಡಿಸಬಹುದೇ?

ಒಟ್ಟಿಗೆ ಕತ್ತರಿಸಿದರೆ ಗಾಡಿ ಬಾಳೆಹಣ್ಣಿನಂತೆ ಬಾಗುತ್ತದೆ. ತೆರೆದ ಛಾವಣಿಯ ಗಾಡಿಯಲ್ಲಿ ಮೊದಲು ಎರಡೂ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ವೆಲ್ಡ್ ಮಾಡಿಸಿ, ಗಾಡಿಯ ಭಾರವನ್ನು ಸಸ್ಪೆನ್ಷನ್ ಹಿಡಿಯುವ ಜಾಗಗಳಲ್ಲಿ ಸಮವಾಗಿ ಕೂರಿಸಿ, ಬಾಗಿಲಿನ ಸಂದುಗಳನ್ನು ಅಳೆದು ಬರೆದಿಡಿ. ಒಂದು ಬದಿ ಪೂರ್ತಿ ಮುಗಿದ ಮೇಲೆ ಇನ್ನೊಂದು. ಹೊರಗಿನ ತಗಡನ್ನು ಮುಚ್ಚುವ ಮುನ್ನ ಬಾಗಿಲನ್ನು ಸಿಕ್ಕಿಸಿ ಮುಚ್ಚಿ ನೋಡಿ. ಒಳಗಿನ, ನಡುವಿನ ಪದರಗಳನ್ನು ಬಿಟ್ಟು ಬರೀ ಹೊರಗಿನದನ್ನು ಬದಲಿಸಿ ಬಣ್ಣ ಹೊಡೆದ ಗಾಡಿಗಳು ಮಾರಾಟಕ್ಕೆ ಬೇಕಾದಷ್ಟಿವೆ. ಅವುಗಳಲ್ಲೊಂದು ನಿಮ್ಮದಾಗುವುದು ಬೇಡ. ವೆಲ್ಡಿಂಗ್ ಆದ ಮೇಲೆ ಟೊಳ್ಳಿನೊಳಕ್ಕೆ ಮೇಣ ಊದಿಸಿ, ನೀರು ಹೋಗುವ ತೂತುಗಳನ್ನು ಮತ್ತೆ ಕೊರೆಯಿರಿ.

ಯಾವ ಹಂತದಲ್ಲಿ ಸಾಕು ಎನ್ನಬೇಕು?

ಸ್ಪಾನರ್ ಹಿಡಿದು ಮಾಡುವ ಯಾವ ಕೆಲಸ ಬಂದರೂ ನಾನು ಸಾಕು ಎನ್ನುವುದಿಲ್ಲ. ಗಟ್ಟಿ ತಗಡಿಗೆ ವೆಲ್ಡ್ ಹಿಡಿಯಬೇಕು. ಹುಡುಕುತ್ತ ಹೋದಂತೆ ಗಟ್ಟಿ ತಗಡೇ ಸಿಗದೆ, ಸಸ್ಪೆನ್ಷನ್ ಹಿಡಿಯುವ ಜಾಗಗಳ ಅಳತೆಯೂ ತಪ್ಪಿದ್ದರೆ ಆ ಮೈ ಮುಗಿಯಿತು. ಆಗಲೂ ಗಾಡಿ ವ್ಯರ್ಥವಲ್ಲ. ಎಂಜಿನ್, ಗೇರ್ ಪೆಟ್ಟಿಗೆ, ಗಾಜುಗಳು, ಮೀಟರುಗಳು, ಕ್ರೋಮ್ ಪಟ್ಟಿಗಳನ್ನು ಇಳಿಸಿ, ಹೆಸರು ಬರೆದ ಚೀಟಿ ಕಟ್ಟಿ, ಒಣಗಿದ ಜಾಗದಲ್ಲಿಟ್ಟು, ಅದೇ ಮಾದರಿಯ ಇನ್ನೊಂದು ಗಾಡಿ ಹುಡುಕಿ. ನನ್ನ ಆ ಮೊದಲ 124ರ ಮುಂಗಾಜು, ಎಂಜಿನ್, ಮೂರು ಮೀಟರು ಈಗ ಎರಡನೆಯ 124ರಲ್ಲಿವೆ. ಅದನ್ನು ನೋಡಲು ಹೋದ ದಿನ ಚಾಪೆ ಬಿಚ್ಚಿ ಮಲಗಿದ್ದವನು ಒಂದೂವರೆ ಗಂಟೆಯ ಮೇಲೆ ಎದ್ದೆ. ಮಾರುವವರು ಅಷ್ಟರಲ್ಲಿ ಎರಡು ಸಲ ಬಂದು ನಾನು ಉಸಿರಾಡುತ್ತಿದ್ದೇನೆಯೇ ಎಂದು ವಿಚಾರಿಸಿಕೊಂಡು ಹೋಗಿದ್ದರು.